ನಮ್ಮ ಕೆಲಸವನ್ನು ನೋಡುವವರು ಯಾರು?

ರಿಜಿಸ್ಟ್ರೇಶನ್ ನವೀಕರಣದ ಸಮಯ ಹತ್ತಿರ ಬಂತೆಂದರೆ ನಮ್ಮ ಸೈಕಾಲಜಿಸ್ಟ್‌ಗಳ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ಉಳಿದ ದಿನಗಳಲ್ಲಿ ಅಲ್ಲಿ ಇರುವುದು ಶುಭೋದಯ, ಹುಟ್ಟುಹಬ್ಬದ ಕೇಕು, ಯಾರದೋ ತೋಟದ ಫೋಟೋ. ಈಗ ಮಾತ್ರ ಎಲ್ಲರೂ ಮಾತಾಡುತ್ತಾರೆ. "ಸಿಆರ್‌ಇ ಯಾವುದಾದರೂ ಉಂಟಾ? ಎಷ್ಟು ಪಾಯಿಂಟ್? ಆನ್‌ಲೈನ್ ಆದ್ರೆ ಒಳ್ಳೆದಿತ್ತು." ವಿಷಯ ಯಾವುದು ಎಂದು ಕೇಳುವವರು ಕಡಿಮೆ. ಕಲಿಸುವವರು ಯಾರು ಎಂದು ಕೇಳುವವರು ಇನ್ನೂ ಕಡಿಮೆ.

ಈ ಕಸುಬಿನ ಹೊರಗಿರುವವರಿಗೆ ಸ್ವಲ್ಪ ವಿವರ ಬೇಕು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಬೇಕಾದರೆ ರಿಹೆಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಹೆಸರಿರಬೇಕು. ನಾವು ಅದನ್ನು ಆರ್‌ಸಿಐ ಅನ್ನುತ್ತೇವೆ. 1992ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಅದು. ಹೆಸರನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಕೌನ್ಸಿಲ್ ಒಪ್ಪಿದ ತರಬೇತಿಗಳಲ್ಲಿ (ಸಿಆರ್‌ಇ ಅನ್ನುವುದು ಇವನ್ನೇ) ಕೂತು ಪಾಯಿಂಟ್ ಕೂಡಿಸಬೇಕು. ಇದರ ಮೇಲೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಆಯಾ ರಾಜ್ಯದ ಪ್ರಾಧಿಕಾರದಲ್ಲೂ ನೋಂದಣಿ ಬೇಕು. ಕಾಸರಗೋಡಿನಲ್ಲಿ ಬಾಗಿಲು ತೆರೆದು ಕೂತಿರುವ ನನಗೆ ಆ ರಾಜ್ಯ ಕೇರಳ. ನನ್ನಲ್ಲಿಗೆ ಬರುವವರಲ್ಲಿ ವಿಟ್ಲ, ಪುತ್ತೂರು, ಸುಳ್ಯದವರೂ ಧಾರಾಳ ಇದ್ದಾರೆ. ಅವರಿಗೆ ನಾನು ಯಾವ ರಾಜ್ಯದ ಪಟ್ಟಿಯಲ್ಲಿದ್ದೇನೆ ಎಂಬುದು ಮುಖ್ಯವಲ್ಲ. ಕನ್ನಡವೋ ತುಳುವೋ ಬಂದರೆ ಸಾಕು.

ಕಲಿಕೆ ಮುಂದುವರಿಯಲೇಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ನಮ್ಮ ಜ್ಞಾನಕ್ಕೆ ಆಯಸ್ಸು ಕಡಿಮೆ. ಸ್ಯಾಮ್ಯುಯೆಲ್ ಡುಬಿನ್ ಎಂಬವರು 1972ರಲ್ಲೇ ಇದನ್ನು ಅಂದಾಜು ಮಾಡಿದ್ದರು: ಸೈಕಾಲಜಿಸ್ಟ್ ಓದಿ ಹೊರಬಂದ ಮೇಲೆ 10-12 ವರ್ಷಗಳಲ್ಲಿ ಆತ ಕಲಿತದ್ದರಲ್ಲಿ ಅರ್ಧ ಹಳತಾಗಿರುತ್ತದೆ. ಈಗ ಆ ಅವಧಿ ಇನ್ನೂ ಚಿಕ್ಕದು ಎಂದು ಆಮೇಲಿನವರು ಲೆಕ್ಕ ಹಾಕಿದ್ದಾರೆ.

ನಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆತ್ಮಹತ್ಯೆಗೆ ಯತ್ನಿಸಿ ಬದುಕಿದ ಹುಡುಗನನ್ನು ಕರೆತರುವ ಅಪ್ಪ ಮೊದಲು ಕೇಳುವುದು, "ಪೊಲೀಸ್ ಕೇಸ್ ಆಗ್ತದಾ?" ಎಂದು. ಹಳೆಯ ಪಾಠದಲ್ಲಿ ಉತ್ತರ ಬೇರೆ. 2017ರ ಕಾಯಿದೆಯ 115ನೇ ಸೆಕ್ಷನ್ ಬಂದ ಮೇಲೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಊಹಿಸಬೇಕು. ಅವರಿಗೆ ಆರೈಕೆ ಕೊಡುವುದು ಸರಕಾರದ ಕರ್ತವ್ಯ. 2024ರ ಜುಲೈಯಲ್ಲಿ ಹೊಸ ನ್ಯಾಯ ಸಂಹಿತೆ ಬಂದಾಗ ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಬಿದ್ದೇ ಹೋಯಿತು. ಇದು ಗೊತ್ತಿಲ್ಲದ ಸೈಕಾಲಜಿಸ್ಟ್ ಆ ಅಪ್ಪನ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿ ಕಳಿಸುತ್ತಾರೆ.

ಇನ್ನೊಂದು. 2024ರ ಅಕ್ಟೋಬರ್ ಕೊನೆಗೆ ನೀಲೇಶ್ವರದ ಕಾವಿನಲ್ಲಿ ತೆಯ್ಯಂ ನಡೆಯುವಾಗ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು, ಕೆಲವರು ತೀರಿಕೊಂಡರು. ಇಂಥ ದುರಂತ ಆದ ಕೂಡಲೇ ಜನರನ್ನು ಕೂರಿಸಿ, ಕಂಡದ್ದನ್ನೆಲ್ಲ ಒಂದೇ ಸಲ ಹೇಳಿಸಿಬಿಡಬೇಕು ಎಂದು ಒಂದು ಕಾಲದಲ್ಲಿ ಕಲಿಸುತ್ತಿದ್ದರು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ವಿಮರ್ಶೆ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಕೈಪಿಡಿಯಲ್ಲಿರುವುದು ಸರಳ: ಸುತ್ತ ನೋಡು, ಹೇಳಿದ್ದನ್ನು ಕೇಳು, ಬೇಕಾದ ಸಹಾಯಕ್ಕೆ ಸೇರಿಸು. ಒತ್ತಾಯಿಸಿ ಬಾಯಿ ಬಿಡಿಸುವುದು ಅದರಲ್ಲಿಲ್ಲ. ಆದರೂ ಹಳೆಯ ಕ್ರಮವನ್ನೇ ನಂಬಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಒಳ್ಳೆಯ ಮನಸ್ಸಿನವರೇ.

ಸಲಿಂಗ ಪ್ರೇಮದ ವಿಷಯದಲ್ಲಂತೂ ಹಳೆಯ ಪುಸ್ತಕ ಹಿಡಿದು ಕೂತವರಿಂದ ಆಗಿರುವ ಹಾನಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-10ರಲ್ಲಿ ಮೂಲೆಯಲ್ಲಿ ಉಳಿದುಕೊಂಡಿದ್ದ ಸಂಬಂಧಪಟ್ಟ ರೋಗದ ಹೆಸರೂ 2022ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಇಲ್ಲ. ಇಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಇಬ್ಬರು ಹುಡುಗಿಯರ ಪ್ರಕರಣ ಬಂತು. ಈ ವಿಷಯ ತನಗೆ ಸರಿಯಾಗಿ ಅರ್ಥವಾಗಿಲ್ಲ ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ತೀರ್ಪು ಬರೆಯುವ ಮೊದಲು ತಾವೇ ಒಬ್ಬ ಸೈಕಾಲಜಿಸ್ಟ್ ಬಳಿ ಹೋಗಿ ಕೂತು ಕಲಿತರು. ಆಮೇಲೆ, ಮನಸ್ಸು "ಬದಲಾಯಿಸುವ" ಚಿಕಿತ್ಸೆಗೆ ಕಡಿವಾಣ ಹಾಕುವ ಆದೇಶ ಬಂತು. ಆ ನ್ಯಾಯಮೂರ್ತಿಗೆ ಯಾರೂ ಪಾಯಿಂಟ್ ಕೊಡಲಿಲ್ಲ ನೋಡಿ.

ಹಾಗಾಗಿ ಕಲಿಯಬೇಕು ನಿಜ. ನನ್ನ ಜಗಳ ಇರುವುದು ಕಲಿಕೆಯನ್ನು ಅಳೆಯುವ ರೀತಿಯ ಜೊತೆ. ಈಗ ನಾವು ಲೆಕ್ಕ ಹಾಕುವುದು ಕುರ್ಚಿಯಲ್ಲಿ ಕೂತ ಹೊತ್ತನ್ನು. ವೆಬಿನಾರ್ ಆದರೆ ಅದೂ ಬೇಡ. ಕ್ಯಾಮೆರಾ ಆಫ್ ಮಾಡಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದು. ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿ "ತುಂಬಾ ಉಪಯುಕ್ತ" ಎಂಬಲ್ಲಿ ಒತ್ತಿದರೆ ಸರ್ಟಿಫಿಕೇಟ್ ಮೇಲ್‌ಗೆ ಬರುತ್ತದೆ. ದೂರದ ಊರಿನಲ್ಲಿ ನಡೆದ ಒಂದು ತರಬೇತಿಗೆ ರಾತ್ರಿ ರೈಲು ಹಿಡಿದು ಹೋಗಿದ್ದೆ. ಫೀಸು ಜಾಸ್ತಿ, ಊಟ ಚೆನ್ನಾಗಿತ್ತು. ಬಂದ ತಜ್ಞರು ಸ್ಲೈಡಿನಲ್ಲಿ ಇದ್ದದ್ದನ್ನು ಓದಿದರು. ಒಬ್ಬರು ಎದ್ದು ತಮ್ಮ ಕೇಸಿನ ಬಗ್ಗೆ ಕೇಳಿದರೆ, "ಅದನ್ನು ಬ್ರೇಕ್‌ನಲ್ಲಿ ಮಾತಾಡೋಣ" ಅಂದರು. ಬ್ರೇಕ್‌ನಲ್ಲಿ ತಜ್ಞರ ಜೊತೆ ಸೆಲ್ಫಿ ತೆಗೆಯುವವರ ಸಾಲು ಇತ್ತು.

ಇದು ನನ್ನೊಬ್ಬಳ ಗೊಣಗಾಟವಲ್ಲ, ಸಂಶೋಧನೆಯೂ ಇದೆ. ಅಮೆರಿಕದ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಕುಡಿತದಂಥ ಚಟಗಳ ಚಿಕಿತ್ಸೆ ಮಾಡುವ 140 ಮಂದಿಗೆ ಒಂದು ಮಾತುಕತೆಯ ಕ್ರಮವನ್ನು ಕಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಬರೀ ವರ್ಕ್‌ಶಾಪ್. ಇನ್ನು ಕೆಲವರಿಗೆ ವರ್ಕ್‌ಶಾಪ್ ಆದ ಮೇಲೆ ಅವರ ನಿಜವಾದ ಸೆಷನ್‌ನ ಟೇಪ್ ಕೇಳಿ, ಎಲ್ಲಿ ಏನಾಯಿತು ಎಂದು ಹೇಳುವವರು, ಫೋನಿನಲ್ಲಿ ತಿದ್ದುವವರು ಇದ್ದರು. ಬರೀ ವರ್ಕ್‌ಶಾಪ್ ಮುಗಿಸಿದವರು ಕಲಿತದ್ದು ಕೆಲವೇ ತಿಂಗಳಲ್ಲಿ ಸವೆಯಿತು. ಟೇಪ್ ಕೇಳಿಸಿ ತಿದ್ದಿಸಿಕೊಂಡವರಲ್ಲಿ ಉಳಿಯಿತು.

ಅನುಭವದಿಂದ ತಾನಾಗಿ ಕಲಿಯುತ್ತೇವೆ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. 2016ರಲ್ಲಿ ಸೈಮನ್ ಗೋಲ್ಡ್‌ಬರ್ಗ್ ತಂಡ 170 ಥೆರಪಿಸ್ಟ್‌ಗಳ, 6,500ಕ್ಕೂ ಹೆಚ್ಚು ಕ್ಲೈಂಟ್‌ಗಳ ದಾಖಲೆ ನೋಡಿತು. ವರ್ಷ ಕಳೆದ ಹಾಗೆ ಫಲಿತಾಂಶ ಏರಲಿಲ್ಲ. ಸರಾಸರಿ ಒಂದು ಚೂರು ಇಳಿಯಿತು. ಅರ್ಧಕ್ಕೆ ಬಿಟ್ಟು ಹೋಗುವವರು ಮಾತ್ರ ಕಡಿಮೆಯಾದರು. ಅಂದರೆ ಬಂದವರನ್ನು ಹಿಡಿದಿಟ್ಟುಕೊಳ್ಳುವುದು ಚೆನ್ನಾಗಿ ಬಂತು, ವಾಸಿ ಮಾಡುವುದು ಅಷ್ಟು ಬರಲಿಲ್ಲ! ಇದಕ್ಕೆ ಸರಿಯಾಗಿ 2012ರ ಇನ್ನೊಂದು ಅಧ್ಯಯನ ಇದೆ. ಮಾನಸಿಕ ಆರೋಗ್ಯ ಕ್ಷೇತ್ರದ 129 ಮಂದಿಯನ್ನು, ಬೇರೆಯವರಿಗೆ ಹೋಲಿಸಿದರೆ ನೀವು ಎಲ್ಲಿದ್ದೀರಿ ಎಂದು ಕೇಳಿದರು. ಸರಾಸರಿಗಿಂತ ಕೆಳಗೆ ಎಂದವರು ಒಬ್ಬರೂ ಇಲ್ಲ. ಕಾಲು ಭಾಗ ಜನ ತಾವು ಮೇಲಿನ ಹತ್ತು ಶೇಕಡಾದಲ್ಲಿದ್ದೇವೆ ಎಂದರು.

ನಮ್ಮದು ಬಾಗಿಲು ಮುಚ್ಚಿ ಮಾಡುವ ಕೆಲಸ. ಮುಚ್ಚಲೇಬೇಕು, ಬಂದವರ ಗುಟ್ಟು ಉಳಿಯಬೇಕಲ್ವಾ. ಆದರೆ ಅದೇ ಬಾಗಿಲು ನಮ್ಮನ್ನೂ ಮುಚ್ಚಿಡುತ್ತದೆ. ಎಂ.ಫಿಲ್. ಮಾಡುವ 2 ವರ್ಷ ಸೂಪರ್‌ವೈಸರ್ ನಮ್ಮ ಪ್ರತಿ ಕೇಸಿನ ಬೆನ್ನು ಹತ್ತುತ್ತಾರೆ. ಡಿಗ್ರಿ ಕೈಗೆ ಬಂದ ಮರುದಿನದಿಂದ ನಮ್ಮ ಕೆಲಸ ಹೇಗಿದೆ ಎಂದು ನೋಡುವವರು ಯಾರೂ ಇಲ್ಲ. (ಆ ಎಂ.ಫಿಲ್. ಕೂಡ ಈಗ ಮುಗಿಯುವ ಹಾದಿಯಲ್ಲಿದೆ. 2020ರ ಶಿಕ್ಷಣ ನೀತಿ ಎಂ.ಫಿಲ್. ಅನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ ಮಾತ್ರ 2025-26ರ ತನಕ ಅವಕಾಶ ಕೊಟ್ಟರು. ಅದರ ಜಾಗಕ್ಕೆ ಬರುವ ಕೋರ್ಸುಗಳಲ್ಲಿ ಸೂಪರ್‌ವಿಷನ್ ಎಷ್ಟು ಗಟ್ಟಿ ಇರುತ್ತದೆ ಎಂಬ ಚಿಂತೆ ನನಗಿದೆ.) ಕುಂಬಳೆ ಸೀಮೆಯವರಿಗೆ ಹೇಳಬೇಕಾಗಿಲ್ಲ: ತಾಳಮದ್ದಳೆಯಲ್ಲಿ ಎದುರು ಕೂತು ಪ್ರಶ್ನೆ ಎತ್ತುವವರಿಲ್ಲದಿದ್ದರೆ ಎಂಥ ಅರ್ಥಧಾರಿಯಾದರೂ ಹೇಳಿದ್ದನ್ನೇ ಹೇಳುತ್ತಾ ಹೋಗುತ್ತಾನೆ.

ಗಡಿಯಲ್ಲಿ ಕೆಲಸ ಮಾಡುವವರಿಗೆ ಈ ಕೊರತೆ ಇನ್ನೂ ಹೆಚ್ಚು. ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಹೊಗಳುವುದು ಸುಲಭ. ಆ ನಾಡಿನ ಮಗುವಿಗೆ ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷಿಸಿ ನೋಡಿ, ಆಗ ಗೊತ್ತಾಗುತ್ತದೆ. ಪೆರ್ಲದ ಕಡೆಯ ಒಂದು ಮಗು ಅಂದುಕೊಳ್ಳಿ. ಮನೆಯಲ್ಲಿ ತುಳು, ಶಾಲೆ ಕನ್ನಡ ಮಾಧ್ಯಮ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಓದು ಹಿಂದೆ ಬಿದ್ದಿದೆ. ಮುಂದೆ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯವೋ ಬರೆದುಕೊಡುವವರ ಸಹಾಯವೋ ಸಿಗಬೇಕಾದರೆ ವರದಿ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ಬಗೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಹಾಗಾಗಿ ನಾನು ಬರೆಯುವ ಕಾಗದಕ್ಕೆ ತೂಕ ಉಂಟು.

ಅಂಥ ಒಂದು ಮಗುವಿನ ಹಳೆಯ ವರದಿ ನನ್ನ ಕೈಗೆ ಬಂತು. ದೊಡ್ಡ ಪಟ್ಟಣದಲ್ಲಿ ಮಾಡಿಸಿದ್ದು. ಮಗು "ಭಾರತ" ಎಂಬಲ್ಲಿ "ಬಾರತ" ಎಂದು, "ಧನ" ಎಂಬಲ್ಲಿ "ದನ" ಎಂದು ಬರೆದದ್ದನ್ನೆಲ್ಲ ತಪ್ಪಿನ ಪಟ್ಟಿಗೆ ಸೇರಿಸಿ ಡಿಸ್ಲೆಕ್ಸಿಯಾ ಎಂದು ತೀರ್ಮಾನಿಸಿದ್ದರು. ನಾನು ಅದನ್ನು ಕೇಸ್ ಚರ್ಚೆಗೆ ಸೇರುವ ನಮ್ಮ ಸಹೋದ್ಯೋಗಿಗಳ ಸಣ್ಣ ಗುಂಪಿನ ಮುಂದಿಟ್ಟೆ. ಮಂಜೇಶ್ವರದ ಗೆಳತಿ ನೋಡಿ ನಕ್ಕಳು. "ನನ್ನ ಅಮ್ಮನೂ ಬಾರತ ಅಂತಲೇ ಹೇಳುವುದು ಮಾರಾಯ್ತಿ, ಅವರಿಗೂ ಡಿಸ್ಲೆಕ್ಸಿಯಾ ಉಂಟಾ?" ತುಳು ಮಾತಾಡುವ ಮನೆಗಳಲ್ಲಿ ಮಹಾಪ್ರಾಣ ಕಿವಿಗೆ ಬೀಳುವುದೇ ಅಪರೂಪ. ಕೇಳದ ಸದ್ದನ್ನು ಮಗು ಬರೆಯಬೇಕಾದರೆ ಪದವನ್ನು ನೋಡಿ ನೋಡಿ ನೆನಪಿಟ್ಟುಕೊಳ್ಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಮಹಾಪ್ರಾಣದ ತಪ್ಪುಗಳನ್ನು ಬದಿಗಿಟ್ಟು ಮತ್ತೆ ಲೆಕ್ಕ ಹಾಕಿದೆವು. ಒತ್ತಕ್ಷರ, ದೀರ್ಘ, ಅಕ್ಷರ ಬಿಟ್ಟುಹೋಗುವುದು, ಓದುವ ವೇಗ ಇವನ್ನು ನೋಡಿದೆವು. ಆ ಮಗುವಿಗೆ ತೊಂದರೆ ನಿಜವಾಗಿಯೂ ಇತ್ತು, ಆದರೆ ವರದಿ ಹೇಳಿದ ಜಾಗದಲ್ಲಿ ಅಲ್ಲ. ಒತ್ತಕ್ಷರ ಬಂದಲ್ಲೆಲ್ಲ ಓದು ನಿಲ್ಲುತ್ತಿತ್ತು. ಪಾಠ ಹೇಳಿಕೊಡಬೇಕಾದ್ದು ಅಲ್ಲಿ. ಇದನ್ನು ನನಗೆ ಕಲಿಸಿದ್ದು ಯಾವ ಕೋರ್ಸು? ತುಳು ಅಮ್ಮ ಇರುವ ಒಬ್ಬ ಸಹೋದ್ಯೋಗಿ.

ಕನ್ನಡಕ್ಕೆ ಈ ಶಾಸ್ತ್ರ ಹೊಸದೇನಲ್ಲ, ಅದೇ ಬೇಸರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಕೇಂದ್ರವನ್ನೂ ತೆರೆದರು. "ಆಕಾಶವಾಣಿ" ಎಂಬ ಹೆಸರು ಆ ಕೇಂದ್ರದಿಂದಲೇ ಬಂದದ್ದು. ಧಾರವಾಡದಲ್ಲಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಸ್ಟ್ಯಾನ್‌ಫರ್ಡ್-ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಅದೇ ಬಿನೆ-ಕಾಮತ್ ಪರೀಕ್ಷೆ ಇಂದಿಗೂ ದೇಶದ ಎಷ್ಟೋ ಕ್ಲಿನಿಕ್‌ಗಳ ಕಪಾಟಿನಲ್ಲಿದೆ. ತಾತನ ಕಾಲದ ಮಕ್ಕಳ ಮಟ್ಟಕ್ಕೆ ಈಗಿನ ಮಕ್ಕಳನ್ನು ಅಳೆಯುವುದರಲ್ಲಿ ಏನೇನು ಎಚ್ಚರ ಬೇಕು ಎನ್ನುವುದೇ ಒಂದು ಒಳ್ಳೆಯ ತರಬೇತಿಯ ವಿಷಯ. ಕನ್ನಡದಲ್ಲಿ, ಕನ್ನಡದ ಮಕ್ಕಳ ಉತ್ತರಗಳನ್ನೇ ಇಟ್ಟುಕೊಂಡು ನಡೆಯುವ ಅಂಥ ತರಬೇತಿಗೆ ನಾನು ಕಾಯುತ್ತಿದ್ದೇನೆ. ನನಗೆ ಬರುವ ಪೋಸ್ಟರ್‌ಗಳಲ್ಲಿ ಇರುವುದು ಹೆಚ್ಚಾಗಿ ಮೂರಕ್ಷರದ ಇಂಗ್ಲಿಷ್ ಹೆಸರಿನ ಹೊಸ ಥೆರಪಿಗಳು.

ಆ ಥೆರಪಿಗಳನ್ನು ನಾನು ಹೀಗಳೆಯುತ್ತಿಲ್ಲ. ಸಿಬಿಟಿ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಪರೀಕ್ಷಿಸಿ ತಿದ್ದುವ ಥೆರಪಿ, ನನ್ನ ಅನ್ನದ ಕಸುಬು. ಆದರೆ ಎಣ್ಮಕಜೆಯ ಒಬ್ಬ ತಾಯಿಯ ಎದುರು ಅದನ್ನು ಹೇಗೆ ಹಿಡಿಯಬೇಕು ಎಂದು ಕೈಪಿಡಿಯಲ್ಲಿ ಇಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಊರುಗಳು ಅವು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಆಗ ತೊಟ್ಟಿಲಲ್ಲಿದ್ದ ಮಕ್ಕಳು ಈಗ ದೊಡ್ಡವರು, ಇನ್ನೂ ಹಾಸಿಗೆಯಲ್ಲಿದ್ದಾರೆ. ಎತ್ತಿ ಸ್ನಾನ ಮಾಡಿಸುತ್ತಿದ್ದ ತಾಯಂದಿರಿಗೆ ಸೊಂಟ ನೋವು. ಅವರನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಒಂದೇ. "ನಾನು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ?"

ಆತಂಕದ ಯೋಚನೆಗೆ ಪುರಾವೆ ಕೇಳು, ಅದು ಅತಿರೇಕವೇ ಎಂದು ಪರೀಕ್ಷಿಸು ಅನ್ನುವುದು ನಾವು ಕಲಿತ ದಾರಿ. ಈ ತಾಯಿಯ ಯೋಚನೆಯಲ್ಲಿ ಅತಿರೇಕ ಎಲ್ಲಿದೆ? ಪುರಾವೆಯೆಲ್ಲ ಅವಳ ಪರವಾಗಿಯೇ ಇದೆ. ಮುಂದೆ ಹೋಗಲು ದಾರಿ ಕಾಣದೆ, ಹೆಸರು ಊರು ಬದಲಾಯಿಸಿ, ವಿಷಯವನ್ನು ಗುಂಪಿಗೆ ತಂದೆ. ಅಲ್ಲಿದ್ದ ಸಮಾಜ ಕಾರ್ಯಕರ್ತರೊಬ್ಬರು ಕೇಳಿದ್ದು, "ಗಾರ್ಡಿಯನ್‌ಶಿಪ್ ಆಗಿದೆಯಾ?" ಎಂದು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹು ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಅದನ್ನು ಮಾಡುತ್ತದೆ. ತಮ್ಮನ ಹೆಂಡತಿ ಒಪ್ಪಿದ್ದಾಳಾ, ಬೇರೆ ಯಾರು ಇದ್ದಾರೆ, ಅರ್ಜಿ ಎಲ್ಲಿ ಕೊಡುವುದು ಎಂದು ಆ ತಾಯಿಯ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದೆವು. ಅದೂ ಚಿಕಿತ್ಸೆಯೇ. ಎಲ್ಲ ದುಃಖ ಅದರಿಂದ ಹೋಗಲಿಲ್ಲ, ಹೋಗುವುದೂ ಇಲ್ಲ. ನಿದ್ದೆ ಸ್ವಲ್ಪ ಸುಧಾರಿಸಿತು.

ದೈವದ ವಿಷಯವೂ ಹಾಗೆಯೇ. ನೇಮದ ದಿನ ದರ್ಶನ ಬರುವ ಪಾತ್ರಿ ರೋಗಿಯಲ್ಲ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಐಸಿಡಿ-11 ಕೂಡ ಅದನ್ನೇ ಹೇಳುತ್ತದೆ: ಸಮಾಜ ಒಪ್ಪಿದ ಆಚರಣೆಯ ಒಳಗೆ ನಡೆಯುವ ಆವೇಶಕ್ಕೆ ರೋಗದ ಹೆಸರು ಹಚ್ಚಬೇಡಿ ಎಂದು. ಕಷ್ಟ ಬರುವುದು ಆಚರಣೆಯೋ ರೋಗವೋ ಎಂದು ಹೇಳಲಾಗದ ನಡುವಿನ ಪ್ರಕರಣಗಳಲ್ಲಿ. ಅವುಗಳ ಬಗ್ಗೆ ನಮ್ಮ ಗುಂಪಿನಲ್ಲಿ ಒಮ್ಮತ ಇಲ್ಲ. ಕಾಞಂಗಾಡಿನ ಮಲಯಾಳಿ ಸಹೋದ್ಯೋಗಿ ತೆಯ್ಯಂ ನೋಡಿ ಬೆಳೆದವರು, ಅವರ ನೋಟ ಬೇರೆ. ಪುತ್ತೂರಿನವರ ನೋಟ ಬೇರೆ. ಜಗಳ ಆಗುತ್ತದೆ, ಚಹಾ ತಣಿಯುತ್ತದೆ.

ಗುಂಪು ಗುಂಪು ಎನ್ನುತ್ತಿದ್ದೇನೆ, ಅದರಲ್ಲಿ ವಿಶೇಷ ಏನೂ ಇಲ್ಲ. ಐದಾರು ಮಂದಿ. ಒಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆನ್‌ಲೈನ್‌ಗೆ ಹೋದೆವು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಇಲ್ಲಿನ ರೋಗಿಗಳು ಒದ್ದಾಡಿದ ದಿನಗಳವು. ಒಬ್ಬರು ಒಂದು ಕೇಸ್ ಹೇಳುತ್ತಾರೆ. ಅವರು ಹೇಳಿ ಮುಗಿಯುವ ತನಕ ಸಲಹೆ ಕೊಡುವ ಹಾಗಿಲ್ಲ, ಪ್ರಶ್ನೆ ಮಾತ್ರ. ಕ್ಲೈಂಟ್ ಬರೆದು ಒಪ್ಪಿಗೆ ಕೊಟ್ಟಿದ್ದರೆ ಸೆಷನ್‌ನ ಆಡಿಯೋದ ಒಂದು ತುಣುಕು ಕೇಳಿಸುತ್ತೇವೆ. ಕಾಸರಗೋಡು ಸಣ್ಣ ಊರು. ಹೆಸರು ತೆಗೆದರೂ "ಓ ಅವರ ಮನೆಯಾ" ಎಂದು ಗೊತ್ತಾಗಿಬಿಡುತ್ತದೆ. ಗುರುತು ಹತ್ತಿದವರು ಅಲ್ಲಿಗೇ ಎದ್ದು ಹೊರಗೆ ಹೋಗಬೇಕು ಎಂಬ ನಿಯಮ ಇಟ್ಟುಕೊಂಡಿದ್ದೇವೆ.

ದೂರದಿಂದ ಕಲಿಯಬಾರದು ಎಂದು ನನ್ನ ವಾದವಲ್ಲ. ನಿಮ್ಹಾನ್ಸ್ ನಡೆಸುವ ಇಕೋ ಮಾದರಿಯ ಆನ್‌ಲೈನ್ ತರಗತಿಗಳು ಒಳ್ಳೆಯ ಉದಾಹರಣೆ. ಆ ಮಾದರಿ ಹುಟ್ಟಿದ್ದು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ. ದೂರದ ಹಳ್ಳಿಗಳ ಹೆಪಟೈಟಿಸ್ ಸಿ ರೋಗಿಗಳನ್ನು ಅಲ್ಲಿನ ವೈದ್ಯರೇ ನೋಡಿಕೊಳ್ಳಲಿ ಎಂದು ಡಾ. ಸಂಜೀವ್ ಅರೋರಾ ಶುರುಮಾಡಿದ್ದು. ಅದರಲ್ಲಿ ಪಾಠ ಸ್ವಲ್ಪ, ಭಾಗವಹಿಸುವವರು ತರುವ ಕೇಸ್ ಹೆಚ್ಚು. ಇಂಟರ್‌ನೆಟ್ ಇದ್ದರೂ ಅಲ್ಲಿ ಯಾರೋ ನಿಮ್ಮ ಕೆಲಸವನ್ನು ನೋಡುತ್ತಿರುತ್ತಾರೆ.

ಬೇರೆ ದೇಶಗಳು ಇದನ್ನು ನಿಯಮದಲ್ಲೇ ತಂದಿವೆ. ಆಸ್ಟ್ರೇಲಿಯಾದ ಸೈಕಾಲಜಿ ಬೋರ್ಡ್ ವರ್ಷಕ್ಕೆ 30 ಗಂಟೆಯ ಕಲಿಕೆ ಕೇಳುತ್ತಾ ಬಂದಿದೆ. ಅದರಲ್ಲಿ 10 ಗಂಟೆ, ಸಹೋದ್ಯೋಗಿಗಳ ಜೊತೆ ತನ್ನ ಸ್ವಂತ ಕೆಲಸದ ಬಗ್ಗೆ ಮಾತಾಡಿದ್ದಾಗಿರಬೇಕು. ಬ್ರಿಟನ್ನಿನಲ್ಲಿ ಸೈಕಾಲಜಿಸ್ಟ್‌ಗಳ ನೋಂದಣಿ ನೋಡಿಕೊಳ್ಳುವ ಎಚ್‌ಸಿಪಿಸಿ ಗಂಟೆಯನ್ನೇ ಎಣಿಸುವುದಿಲ್ಲ. ನವೀಕರಣದ ಹೊತ್ತಿಗೆ ಶೇಕಡಾ 2.5ರಷ್ಟು ಮಂದಿಯನ್ನು ಸುಮ್ನೆ ಆರಿಸಿ, ನೀನು ಕಲಿತದ್ದರಿಂದ ನಿನ್ನಲ್ಲಿಗೆ ಬರುವವರಿಗೆ ಏನು ಪ್ರಯೋಜನವಾಯಿತು, ಬರೆದು ತೋರಿಸು ಎನ್ನುತ್ತದೆ.

ಇದನ್ನು ಹೇಳಿದರೆ ಹಿರಿಯರೊಬ್ಬರು ನನ್ನ ಬಾಯಿ ಮುಚ್ಚಿಸಿದರು. "ಇಲ್ಲಿ ಹಾಗೆ ಬಿಟ್ಟರೆ ಚಹಾ ಕುಡಿದದ್ದಕ್ಕೂ ಪಾಯಿಂಟ್ ಬರೆಸಿಕೊಳ್ತಾರೆ." ಅವರ ಮಾತು ಪೂರ್ತಿ ಸುಳ್ಳಲ್ಲ. ಗೆಳೆಯರ ಗುಂಪು ಬೆನ್ನು ತಟ್ಟಿಕೊಳ್ಳುವ ಗುಂಪಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ಈಗಿನ ಪದ್ಧತಿಯಲ್ಲೂ ಆಗುತ್ತಿರುವುದು ಅದೇ ಅಲ್ವಾ? ಚಹಾದ ಬದಲು ವೆಬಿನಾರ್. ಒಂದು ಪಾಲು ಪಾಯಿಂಟನ್ನಾದರೂ ಕೇಸ್ ಚರ್ಚೆಗೆ ಇಡಬಹುದು. ಚರ್ಚೆಯ ದಿನಾಂಕ, ಎದ್ದ ಪ್ರಶ್ನೆ, ಅದರಿಂದ ಚಿಕಿತ್ಸೆಯಲ್ಲಿ ಬದಲಾದದ್ದು, ಇಷ್ಟನ್ನು ಒಂದು ಪುಟದಲ್ಲಿ ಬರೆಸಿ, ಕೆಲವರದ್ದನ್ನು ಪರಿಶೀಲಿಸಿದರೆ ಸಾಕು. ಗುಂಪಿನಲ್ಲಿ ಹೊರಗಿನ ಒಬ್ಬ ಹಿರಿಯರು ಆಗಾಗ ಇರಬೇಕು ಎಂದೂ ಹೇಳಬಹುದು.

ನಮ್ಮ ಗುಂಪು ಈಗ ಕೈಹಾಕಿರುವುದು ಮಕ್ಕಳ ಬರವಣಿಗೆಯ ತಪ್ಪುಗಳನ್ನು ಕಲೆಹಾಕುವ ಕೆಲಸಕ್ಕೆ. ಇಲ್ಲಿನ ಕನ್ನಡ ಶಾಲೆಗಳಲ್ಲಿ ಚೆನ್ನಾಗಿ ಓದುವ ತುಳು ಮನೆಯ, ಹವ್ಯಕ ಮನೆಯ, ಮಲಯಾಳ ಮನೆಯ ಮಕ್ಕಳು ಬರೆಯುವಾಗ ಎಂತೆಂಥ ತಪ್ಪು ಮಾಡುತ್ತಾರೆ ಎಂದು ಮೊದಲು ತಿಳಿಯಬೇಕು. ಅದು ಗೊತ್ತಾದರೆ ಮಾತ್ರ ತೊಂದರೆ ಇರುವ ಮಗುವಿನ ತಪ್ಪು ಯಾವುದು ಎಂದು ಹೇಳಲು ಸಾಧ್ಯ. ಟೀಚರ್‌ಗಳು ಕಾಪಿ ಪುಸ್ತಕ ಕೊಡಲು ಒಪ್ಪಿದ್ದಾರೆ, ಹೆತ್ತವರ ಒಪ್ಪಿಗೆ ಪತ್ರ ಮೂರು ಭಾಷೆಯಲ್ಲಿ ತಯಾರಾಗುತ್ತಿದೆ. ಮಲಯಾಳದ್ದು ಮುಗಿಯಿತು. ಕನ್ನಡದ್ದರಲ್ಲಿ ಎರಡು ವಾಕ್ಯ ಇನ್ನೂ ಕಷ್ಟವಾಗಿವೆ ಎಂದು ಟೀಚರ್ ಒಬ್ಬರು ತಿದ್ದಿ ವಾಪಸು ಕಳಿಸಿದ್ದಾರೆ.